ಹುಳ ಹಣ್ಣಾದ ದಿನದ ಹಾಜರಿ

ಬೈರಮ್ಮನ ಹೆಸರು ನಮ್ಮೂರ ಶಾಲೆಯ ಕಮಿಟಿಗೆ ಸೇರಿದ್ದು ಅವಳನ್ನು ಕೇಳಿ ಅಲ್ಲ. ಕಮಿಟಿಯಲ್ಲಿ ಒಬ್ಬ ಹೆಂಗಸಾದರೂ ಇರಬೇಕು ಎಂದು ಮೇಲಿನಿಂದ ಕಾಗದ ಬಂದಿತ್ತು. ತಮ್ಮ ಹೆಂಡತಿಯ ಹೆಸರು ಬರೆಸಿದರೆ ಜನ ಆಡಿಕೊಳ್ಳುತ್ತಾರೆ, ಬೇರೆಯವರ ಹೆಂಡತಿಯ ಹೆಸರು ಬರೆಸಿದರೆ ಗಂಡಂದಿರು ಜಗಳಕ್ಕೆ ಬರುತ್ತಾರೆ ಎಂದು ಯೋಚಿಸಿ, ಅಧ್ಯಕ್ಷ ಕೋದಂಡರಾಮಪ್ಪನವರು ಗಂಡ ಸತ್ತ ಬೈರಮ್ಮನ ಹೆಸರು ಬರೆಸಿದರು. "ಅವ್ಳು ಮಾತಾಡೋಳಲ್ಲ ಬಿಡಿ, ಮೂಲೇಲಿ ಕೂತಿರ್ತಾಳೆ" ಎಂದು ಮೇಷ್ಟ್ರಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಶಾಲೆಯ ಹಂಡೆಗೆ ನೀರು ತುಂಬುವುದು ನನ್ನ ಕೆಲಸವಾಗಿತ್ತು. ಕೊಡ ಹೊತ್ತು ಒಳಗೆ ಹೊರಗೆ ಓಡಾಡುವವಳ ಮುಂದೆ ಯಾರೂ ಮಾತು ನಿಲ್ಲಿಸುತ್ತಿರಲಿಲ್ಲ.

ಬೈರಮ್ಮ ಮುಳಬಾಗಿಲು ಕಡೆಯವಳು, ಆವನಿ ಹತ್ತಿರದ ಒಂದು ಹಳ್ಳಿಯಿಂದ ನಮ್ಮ ಚಿಕ್ಕಬಂಡಹಳ್ಳಿಗೆ ಮದುವೆಯಾಗಿ ಬಂದವಳು. ಬಂದ ಹೊಸತರಲ್ಲಿ ಅವಳ ಬಾಯಲ್ಲಿ ಕನ್ನಡಕ್ಕಿಂತ ತೆಲುಗೇ ಹೆಚ್ಚು. ಗಂಡ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಕರೆಂಟು ಹೊಡೆದು ಸತ್ತಾಗ ಅವಳಿಗೆ ಎರಡು ಹೆಣ್ಣು ಮಕ್ಕಳು. ಚಿಕ್ಕವಳು ಶಾಮಲ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟ, ಹುಳ ಸಾಕಲು ಒಂದು ಉದ್ದನೆಯ ಕೋಣೆ, ಪಕ್ಕದಲ್ಲಿ ಮೈದುನ ಮುನಿಯಲ್ಲಪ್ಪನ ಮನೆ. ಇಷ್ಟರಲ್ಲೇ ಅವಳ ಬಾಳು ಸಾಗಿತು.

ದೊಡ್ಡ ಮಗಳು ರಾಮಲಕ್ಷ್ಮಿ ಐದನೇ ಕ್ಲಾಸು ಪಾಸು ಮಾಡಿದಾಗ ನಮ್ಮೂರಲ್ಲಿ ಆರನೇ ಕ್ಲಾಸು ಇರಲಿಲ್ಲ. ಓದಬೇಕಾದರೆ ಬೀಚಸಂದ್ರಕ್ಕೆ ಮೂರು ಮೈಲಿ ನಡೆಯಬೇಕು. ಕೆರೆ ಕಟ್ಟೆಯ ಮೇಲಿನ ದಾರಿ, ಕಟ್ಟೆ ಇಳಿದ ಕಡೆ ಸಾರಾಯಿ ಅಂಗಡಿ. "ಹೆಣ್ ಹುಡ್ಗೀನ ಆ ದಾರೀಲಿ ಕಳಿಸಿದ್ರೆ ನನ್ ಮಾನ ಏನಾಗ್ಬೇಕು?" ಎಂದ ಮುನಿಯಲ್ಲಪ್ಪ. ಹುಡುಗಿ ಮನೆಯಲ್ಲೇ ಉಳಿದಳು. ಹದಿನೈದು ತುಂಬುವುದರೊಳಗೆ ಶ್ರೀನಿವಾಸಪುರದ ಕಡೆಗೆ ಮದುವೆಯಾಗಿ ಹೋದಳು. ಹದಿನಾರಕ್ಕೆ ಬಾಣಂತನಕ್ಕೆ ಬಂದಾಗ ಕಡ್ಡಿಯಂತಾಗಿದ್ದ ಅವಳ ಕೈಕಾಲು ನೋಡಿ ಬೈರಮ್ಮ ನನ್ನ ಹತ್ತಿರ ಒಂದೇ ಮಾತು ಹೇಳಿದಳು: "ಶಾಮಲನ್ನ ಅಂಗೆ ಬಿಡಕ್ಕಿಲ್ಲ ಕಣಕ್ಕ."

ಅಷ್ಟರಲ್ಲಿ ನಮ್ಮ ಶಾಲೆಗೆ ಆರನೇ ಮತ್ತು ಏಳನೇ ಕ್ಲಾಸು ಬಂದಿತ್ತು. ಶಾಮಲ ಐದನೆಯಲ್ಲಿದ್ದಳು. ಜೂನ್ ಬಂದರೆ ಆರನೆಯದು, ಅದೂ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ. ಆಗಲೇ ಸುಧಾರಣೆ ಎಂಬ ಮಾತು ಬಂತು.

ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತು ಎಂದು ಹೊಸದಾಗಿ ಚುನಾವಣೆ ನಡೆದು, ಬೀಚಸಂದ್ರದ ಸುಬ್ಬರಾಯಪ್ಪ ಜಿಲ್ಲಾ ಪರಿಷತ್ತಿಗೆ ಮೆಂಬರಾಗಿದ್ದ. ಮಕ್ಕಳು ಕಡಿಮೆ ಇರುವ ಊರುಗಳ ಆರನೇ ಏಳನೇ ಕ್ಲಾಸುಗಳನ್ನು ತೆಗೆದು ಒಂದೇ ಕಡೆ ಸೇರಿಸುತ್ತಾರೆ, ಅಲ್ಲಿಗೆ ಹೊಸ ಕಟ್ಟಡ, ವಿಜ್ಞಾನದ ಸಾಮಾನು, ಡ್ರಿಲ್ ಮೇಷ್ಟ್ರು ಎಲ್ಲ ಕೊಡುತ್ತಾರೆ ಎಂದು ಸುದ್ದಿಯಾಯಿತು. ಆ ಒಂದು ಕಡೆ ಯಾವುದು ಎಂದರೆ ಬೀಚಸಂದ್ರವೇ. ಕಮಿಟಿಯವರು ಉರಿದುಬಿದ್ದರು. ಎಂಬತ್ತೆಂಟರ ಫೆಬ್ರವರಿ ಕೊನೆಯ ಭಾನುವಾರ ಸುಬ್ಬರಾಯಪ್ಪನನ್ನು ಶಾಲೆಗೆ ಕರೆಸಿದರು.

ಅವನು ರಾಜದೂತ್ ಮೋಟಾರ್ ಸೈಕಲ್ಲಿನಲ್ಲಿ ಬಂದ. ಬಿಳಿ ಪಂಚೆ, ಕಂಕುಳಲ್ಲಿ ಫೈಲು. ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿದ್ದರು. ಕೋದಂಡರಾಮಪ್ಪನವರು, ಹಾಲಿನ ಡೈರಿಯ ಕದಿರಪ್ಪ, ಇನ್ನಿಬ್ಬರು ಗಂಡಸರು, ಹೆಡ್‌ಮೇಷ್ಟ್ರು ಅಶ್ವತ್ಥಪ್ಪನವರು ಬೆಂಚಿನ ಮೇಲೆ. ಬೈರಮ್ಮ ಕಂಬದ ಪಕ್ಕ ನೆಲದ ಮೇಲೆ. ನಾನು ಲೋಟ ತೊಳೆಯುತ್ತಿದ್ದೆ.

ಸುಬ್ಬರಾಯಪ್ಪ ಕೂರುವ ಮೊದಲೇ ಕದಿರಪ್ಪ ಶುರು ಮಾಡಿದ. ಅವನಿಗೆ ಸಿಟ್ಟು ಬಂದರೆ ತೆಲುಗು ನುಗ್ಗುತ್ತಿತ್ತು. "ಏಮ್ ಸ್ವಾಮಿ, ಓಟು ಕೇಳಕ್ಕೆ ಬಂದಾಗ ಸ್ಕೂಲಿಗೆ ಇನ್ನೊಂದು ರೂಮ್ ಹಾಕಿಸ್ತೀನಿ ಅಂದ್ರಿ. ಈಗ ಇರೋ ಕ್ಲಾಸೇ ಕಿತ್ಕೊಂಡು ಹೋಗ್ತೀರಾ? ಇದೇನಾ ಸುಧಾರಣೆ?"

"ಕೂತ್ಕೊಳ್ಳೋಕಾದ್ರೂ ಬಿಡಯ್ಯ" ಎಂದ ಸುಬ್ಬರಾಯಪ್ಪ. "ಕಿತ್ಕೊಂಡು ಹೋಗೋಕೆ ಇದೇನು ಕುಂಬಳಕಾಯಾ? ಸರಕಾರದ ಯೋಜನೆ. ಒಬ್ಬ ಮೇಷ್ಟ್ರು ಎರಡೆರಡು ಕ್ಲಾಸು ನೋಡ್ಕೊಂಡ್ರೆ ಮಕ್ಳು ಏನ್ ಕಲಿತಾವೆ? ಒಂದ್ಕಡೆ ಸೇರಿದ್ರೆ ಒಳ್ಳೇ ಪಾಠ ಸಿಗ್ತದೆ."

"ಆ ಒಂದ್ಕಡೆ ನಿಮ್ಮೂರೇ ಯಾಕಾಗ್ಬೇಕು?" ಎಂದರು ಕೋದಂಡರಾಮಪ್ಪನವರು.

"ನಮ್ಮೂರಲ್ಲಿ ಜಾಗ ಐತೆ."

"ನಿಮ್ ತಮ್ಮನ ಜಾಗ. ಕಟ್ಟಡದ ಕಂಟ್ರಾಕ್ಟು ಯಾರ್ದು, ನಿಮ್ ಬಾಮೈದುನಂದಾ?"

ಸುಬ್ಬರಾಯಪ್ಪನ ಮುಖ ಕೆಂಪಾಯಿತು. "ನೋಡಿ ಅಧ್ಯಕ್ಷರೇ, ಮರ್ಯಾದೆಯಿಂದ ಕರೆಸಿದ್ರಿ ಅಂತ ಬಂದಿದೀನಿ."

"ಮರ್ಯಾದೆ ಕೊಟ್ಟಿದೀವಲ್ಲ, ಬೆಂಚು ಹಾಕಿದೀವಿ" ಎಂದ ಕದಿರಪ್ಪ.

ಹೀಗೇ ಅರ್ಧ ಗಂಟೆ ನಡೆಯಿತು. ಇವರು ಒಂದು ಕೇಳಿದರೆ ಅವನು ಇನ್ನೊಂದು ಹೇಳುತ್ತಿದ್ದ. ಹೆಣ್ಣು ಮಕ್ಕಳು ಆ ದಾರಿಯಲ್ಲಿ ಹೇಗೆ ಬರಬೇಕು ಎಂದಾಗ "ಕಾಲಿಲ್ವಾ?" ಎಂದ. ಸಾರಾಯಿ ಅಂಗಡಿಯ ವಿಷಯ ಎತ್ತಿದಾಗ "ಅಲ್ಲಿ ಕುಡಿಯೋರು ನಿಮ್ಮೂರವ್ರೇ ಅಲ್ವಾ?" ಎಂದ. ಅದು ನಿಜವೇ ಆಗಿತ್ತು.

ಆಮೇಲೆ ಫೈಲು ಬಿಚ್ಚಿದ. "ನಾನು ಬಾಯಿಮಾತಲ್ಲಿ ಹೇಳ್ತಿಲ್ಲ. ಫೆಬ್ರವರಿ ಒಂಬತ್ತು, ಮಂಗಳವಾರ. ಮಕ್ಳನ್ನ ಎಣಿಸೋಕೆ ಅಂತ ಎಜುಕೇಶನ್ ಇಲಾಖೆ ಸಾಹೇಬ್ರು ಇದೇ ಸ್ಕೂಲಿಗೆ ಬಂದ್ರು. ಆರನೇ ಏಳನೇ ಕ್ಲಾಸು ಸೇರಿ ಪುಸ್ತಕದಲ್ಲಿ ಹೆಸರು ಮೂವತ್ನಾಲ್ಕು. ಕೂತಿದ್ದ ಮಕ್ಳು ಏಳು. ಏಳು! ಮೇಷ್ಟ್ರೇ, ಸುಳ್ಳಾ ಇದು? ನಿಮ್ ಸಹೀನೇ ಐತೆ."

ಅಶ್ವತ್ಥಪ್ಪ ಮೇಷ್ಟ್ರು ತಲೆ ತಗ್ಗಿಸಿದರು. "ಸುಳ್ಳಲ್ಲ" ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮೂರಲ್ಲಿ ಅರವತ್ತು ಮನೆಗಳಿದ್ದರೆ ಐವತ್ತು ಮನೆಯಲ್ಲಿ ರೇಷ್ಮೆ ಹುಳ. ಮರಿಹುಳಗಳನ್ನು ಎಲ್ಲರೂ ಕ್ಯಾಲನೂರಿನ ಸಾಕಣೆ ಕೇಂದ್ರದಿಂದ ಒಂದೇ ದಿನ ತರುತ್ತಿದ್ದೆವು. ಹಾಗಾಗಿ ಎಲ್ಲರ ಮನೆಯ ಹುಳವೂ ಒಂದೇ ದಿನ ಹಣ್ಣಾಗುತ್ತಿತ್ತು. ಹಣ್ಣಾಗುವುದೆಂದರೆ ಹುಳ ಸೊಪ್ಪು ತಿನ್ನುವುದು ಬಿಟ್ಟು, ಮೈ ಕನ್ನಡಿಯಂತಾಗಿ, ತಲೆ ಎತ್ತಿ ನೂಲು ಬಿಡಲು ಜಾಗ ಹುಡುಕುವುದು. ಅಷ್ಟು ಹೊತ್ತಿಗೆ ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಂಕಿಯ, ಎಂದರೆ ಗೂಡು ಕಟ್ಟುವ ತಟ್ಟಿಯ, ಮೇಲೆ ಬಿಡಬೇಕು. ತಡವಾದರೆ ಹುಳ ಸಾಕಿದ ತಟ್ಟೆಯ ಕಸದಲ್ಲೇ ಗೂಡು ಕಟ್ಟಿ ಕೊಳೆಯಾಗುತ್ತದೆ. ಅದಕ್ಕೆ ಮಕ್ಕಳ ಸಣ್ಣ ಬೆರಳೇ ಬೇಕು. ಆ ದಿನ ಹುಳದ ಮನೆಯ ಯಾವ ಮಗುವೂ ಶಾಲೆಗೆ ಹೋಗುತ್ತಿರಲಿಲ್ಲ. ಅದು ಸರಕಾರ ಕೊಟ್ಟ ರಜೆಯಲ್ಲ, ಊರು ತಾನೇ ತೆಗೆದುಕೊಂಡ ರಜೆ. ಮೇಷ್ಟ್ರೂ ಸುಮ್ಮನಿದ್ದರು, ಕಮಿಟಿಯೂ ಸುಮ್ಮನಿತ್ತು. ಫೆಬ್ರವರಿ ಒಂಬತ್ತು ಅಂಥ ದಿನವಾಗಿತ್ತು.

ಆದರೆ ಅದನ್ನು ಬಾಯಿ ಬಿಟ್ಟು ಹೇಳಲು ಯಾರಿಗೂ ಮನಸ್ಸಿಲ್ಲ. ಹೇಳಿದರೆ, ಶಾಲೆ ಬೇಕು ಎನ್ನುವ ನೀವೇ ಮಕ್ಕಳನ್ನು ತಡೆದು ಕೂರಿಸಿದಿರಿ ಎಂದಾಗುತ್ತದೆ. ಕೋದಂಡರಾಮಪ್ಪನವರು, "ಅವತ್ತು ಊರಲ್ಲೆಲ್ಲ ಜ್ವರ ಇತ್ತು" ಎಂದರು.

ಸುಬ್ಬರಾಯಪ್ಪ ನಕ್ಕ. "ಇಪ್ಪತ್ತೇಳು ಮಕ್ಳಿಗೂ ಒಂದೇ ದಿನ ಜ್ವರನಾ? ಮಾರನೇ ದಿನ ಎಲ್ರಿಗೂ ವಾಸಿ? ಯಾವ ಡಾಕ್ಟ್ರು ಸ್ವಾಮಿ ಅವ್ರು, ನಮ್ಮೂರಿಗೂ ಕಳಿಸಿ!" ಫೈಲು ಮುಚ್ಚಿದ. "ಖುದ್ದಾಗಿ ನಾನೇ ಸಾಹೇಬ್ರನ್ನ ಜೀಪಲ್ಲಿ ಕರ್ಕೊಂಡು ಬಂದೆ. ಕಣ್ಣಾರೆ ನೋಡಿದೀನಿ. ಮುಗೀತು."

ಆಗ ಕಂಬದ ಪಕ್ಕದಿಂದ ಬೈರಮ್ಮ ಕೇಳಿದಳು: "ಅಣ್ಣ, ಅವತ್ತು ನಿಮ್ಮನೇಲಿ ಹುಳ ಎಂಗಿತ್ತು?"

ಗಂಡಸರೆಲ್ಲ ಅವಳತ್ತ ತಿರುಗಿದರು. ಎರಡು ವರ್ಷದಲ್ಲಿ ಅವಳು ಮೀಟಿಂಗಿನಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ಹುಳಾನಾ?" ಎಂದ ಸುಬ್ಬರಾಯಪ್ಪ. "ಇಲ್ಲಿ ಸ್ಕೂಲ್ ವಿಚಾರ ನಡೀತಿದೆ ಕಣಮ್ಮ."

"ಗೊತ್ತಣ್ಣ. ಕ್ಯಾಲನೂರಲ್ಲಿ ಮರಿ ಈಸ್ಕೊಳ್ಳೋವಾಗ ನಿಮ್ಮನೆಯಾಕೆ ನನ್ ಹಿಂದೆನೇ ಲೈನಲ್ಲಿ ನಿಂತಿದ್ರು. ನನ್ ಬುಟ್ಟಿ ಅವ್ರು ಎತ್ತಿ ಕೊಟ್ರು, ಅವ್ರದು ನಾನು ಎತ್ತಿ ಕೊಟ್ಟೆ. ಒಂದೇ ದಿನದ ಮರಿ. ನಮ್ಮನೇದು ಒಂಬತ್ತನೇ ತಾರೀಕು ಹಣ್ಣಾಯ್ತು. ನಿಮ್ಮನೇದು?"

ಸುಬ್ಬರಾಯಪ್ಪ ಫೈಲನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡ.

"ನಿಮ್ಮನೆ ಹುಳಾನೂ ತಲೆ ಎತ್ತಿತ್ತು. ನಮ್ಮೂರಲ್ಲಿ ಅವತ್ತು ಮಕ್ಳು ಎಲ್ಲಿರ್ತಾವೆ ಅಂತ ನಿಮ್ಗೆ ಗೊತ್ತಿತ್ತು. ವರ್ಷದಲ್ಲಿ ಅಷ್ಟೊಂದು ದಿನ ಇದ್ರೂ, ಆ ದಿನಾನೇ ಜೀಪು ತಂದ್ರಿ."

ಕದಿರಪ್ಪ ತೊಡೆ ತಟ್ಟಿದ. "ಅದೀ! ಸಿಕ್ಕಿಬಿದ್ರು ಮೆಂಬರ್ ಸಾಹೇಬ್ರು!"

ಆದರೆ ಸುಬ್ಬರಾಯಪ್ಪ ಸೋಲುವ ಆಸಾಮಿಯಲ್ಲ. ಬೆಂಚಿನಿಂದ ಮುಂದಕ್ಕೆ ಬಾಗಿ, "ಸರಿ ಕಣಮ್ಮ, ನಾನು ಕೆಟ್ಟೋನೇ ಅಂತಿಟ್ಕೋ. ಅವತ್ತು ನಿನ್ ಮಗ್ಳು ಎಲ್ಲಿದ್ಲು ಹೇಳು?" ಎಂದ.

"ಜ್ವರ ಅನ್ನು" ಎಂದು ಕೋದಂಡರಾಮಪ್ಪನವರು ಹಲ್ಲು ಕಚ್ಚಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

"ಚಂದ್ರಂಕಿ ಮುಂದೆ ಕೂತಿದ್ಲು" ಎಂದಳು ಬೈರಮ್ಮ. "ನಾನೇ ಕೂರಿಸ್ದೆ. ಎಲ್ರ ಮನೇಲೂ ಅಂಗೇ. ತಪ್ಪು ನಮ್ದೇ."

ಜಗಲಿಯಲ್ಲಿ ಗಲಾಟೆ ಎದ್ದಿತು. "ನಿನ್ನ ಯಾರ್ ಕೇಳಿದ್ರು?" ಎಂದ ಒಬ್ಬ. "ಹೆಂಗಸ್ರನ್ನ ಕೂರಿಸ್ಕೊಂಡ್ರೆ ಇದೇ ಗತಿ" ಎಂದ ಇನ್ನೊಬ್ಬ. ಸುಬ್ಬರಾಯಪ್ಪ ಎದ್ದು ನಿಂತು, "ಬರ್ಕೊಳ್ಳಿ ಮೇಷ್ಟ್ರೇ, ಕಮಿಟಿಯವ್ರೇ ಒಪ್ಕೊಂಡ್ರು. ಮಕ್ಳನ್ನ ಕೂಲಿಗೆ ಇಟ್ಕೊಳ್ಳೋ ಊರಿಗೆ ಆರನೇ ಕ್ಲಾಸು ಯಾಕೆ?" ಎಂದ.

ಬೈರಮ್ಮನೂ ಎದ್ದಳು. "ಬರ್ಕೊಳ್ಳಿ. ಇನ್ನೊಂದು ಮಾತೂ ಬರ್ಕೊಳ್ಳಿ. ಇನ್ನೊಂದ್ಸಲ ಎಣಿಸ್ಲಿ. ಪರೀಕ್ಷೆ ಮುಗಿಯೋದ್ರೊಳಗೆ ಯಾವ್ ದಿನ ಬೇಕಾದ್ರೂ ಬರ್ಲಿ. ಹೇಳ್ದೆ ಬರ್ಲಿ. ಹುಳ ಹಣ್ಣಾದ ದಿನಾನೇ ಬರ್ಲಿ. ಅವತ್ತೂ ಮಕ್ಳು ಕೂತಿಲ್ದೆ ಇದ್ರೆ ಕ್ಲಾಸು ತಗೊಂಡು ಹೋಗಿ."

ಊರಿನ ಪರವಾಗಿ ಮಾತು ಕೊಡಲು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ಕೊಟ್ಟಾಗಿತ್ತು.

ಸುಬ್ಬರಾಯಪ್ಪ ಆಗಲಿ ನೋಡೋಣ ಎಂದು ಹೊರಟ. ಕದಿರಪ್ಪ ಬೈರಮ್ಮನನ್ನು ಬೈಯುವುದನ್ನು ಅರ್ಧಕ್ಕೆ ಬಿಟ್ಟು, ಓಡಿಹೋಗಿ ರಾಜದೂತ್ ಮೇಲೆ ಕುಳಿತುಬಿಟ್ಟ. "ನೋಡೋಣ ಗೀಡೋಣ ಬೇಡ. ಇನ್ನೊಂದ್ಸಲ ಎಣಿಸ್ಬೇಕು ಅಂತ ಬರ್ದು ಸಹಿ ಹಾಕು, ಇಳೀತೀನಿ."

"ಏನ್ಲಾ ಇದು, ದರೋಡೆನಾ? ಇಳಿಯೋ!"

"ನೀನು ನಡ್ಕೊಂಡು ಹೋಗು. ಮೂರೇ ಮೈಲಿ. ಕಾಲಿಲ್ವಾ?"

ಅಷ್ಟು ಹೊತ್ತಿಗೆ ಇಡೀ ಊರು ಸೇರಿತ್ತು. ಸುಬ್ಬರಾಯಪ್ಪ ಪೆನ್ನು ತೆಗೆದು ಎರಡು ಸಾಲು ಗೀಚಿ ಸಹಿ ಹಾಕಿ, ಬೈರಮ್ಮನತ್ತ ನೋಡಿ, "ನಿಮ್ಮೂರವ್ರು ನಿನ್ನ ಏನ್ ಮಾಡ್ತಾರೋ ನೋಡ್ಕೋ" ಎಂದು ಹೋದ.

ಅವನು ಹೇಳಿದ್ದು ಸುಳ್ಳಾಗಲಿಲ್ಲ. ಆ ಸಂಜೆಯಿಂದ ಬೈರಮ್ಮನಿಗೆ ಊರಲ್ಲಿ ಒಂದು ಒಳ್ಳೆಯ ಮಾತು ಸಿಗಲಿಲ್ಲ. ಮೆಂಬರನ್ನು ಸಿಕ್ಕಿಸಿದ್ದು ಎಲ್ಲರಿಗೂ ಮರೆತಿತ್ತು, ತಪ್ಪು ಒಪ್ಪಿಕೊಂಡದ್ದು ಮಾತ್ರ ನೆನಪಿತ್ತು. ಅವಳು ಮನೆ ಮನೆಗೆ ಹೋಗಿ, ಮುಂದಿನ ಬೆಳೆಗೆ ಮಕ್ಕಳನ್ನು ತಡೆಯಬೇಡಿ ಎಂದು ಕೇಳಿಕೊಂಡಳು. ಕೆಲವರು ಹೂಂ ಎಂದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಒಬ್ಬಾಕೆ, "ನಿನಗೆ ಮಗಳನ್ನ ಕಲೆಕ್ಟ್ರು ಮಾಡೋ ಆಸೆ, ನಮ್ ಗೂಡು ಯಾಕೆ ಕೆಡಿಸ್ತೀಯಾ?" ಎಂದಳು. ಬೈರಮ್ಮ ಮುಂದಿನ ಮನೆಗೆ ಹೋದಳು. ನಾನು ಜೊತೆಗಿದ್ದೆ. ನನಗೆ ಬಂದಷ್ಟು ಸಿಟ್ಟು ಅವಳಿಗೆ ಬರಲಿಲ್ಲ.

ಮುಂದಿನ ಬೆಳೆಯ ಹುಳ ಹಣ್ಣಾದದ್ದು ಯುಗಾದಿ ಕಳೆದು ಆರನೇ ದಿನ, ಗುರುವಾರ. ಬೆಳಗ್ಗೆ ತಟ್ಟೆಯ ಮೇಲಿನ ಬಟ್ಟೆ ಸರಿಸಿದರೆ ಸಾಲು ಸಾಲು ಹುಳ ತಲೆ ಎತ್ತಿ ಆಡಿಸುತ್ತಿವೆ. ಶಾಮಲ ತಾನಾಗಿಯೇ ಬಂದು ತಟ್ಟೆಯ ಮುಂದೆ ಕುಳಿತಳು.

"ಎದ್ದೇಳೇ" ಎಂದಳು ಬೈರಮ್ಮ. "ಸ್ಕೂಲಿಗೆ ಹೋಗು."

"ಅಮ್ಮ, ನಾನಿನ್ನೂ ಐದನೇ ಕ್ಲಾಸು. ಎಣಿಸೋದು ಆರು ಏಳು ಅಲ್ವಾ?"

"ನಿನ್ನ ಮನೇಲಿಟ್ಕೊಂಡು ಬೇರೆಯವ್ರ ಮಕ್ಳನ್ನ ಕಳಿಸಿ ಅಂತ ಯಾವ ಬಾಯಲ್ಲಿ ಕೇಳ್ಲೇ? ನಡಿ."

ಹುಡುಗಿ ಎರಡೆರಡು ಸಲ ಹಿಂತಿರುಗಿ ನೋಡಿಕೊಂಡು ಹೋದಳು. ಮೈದುನ ಮುನಿಯಲ್ಲಪ್ಪ ಗೋಡೆಯ ಆಚೆಯಿಂದ ಕೂಗಾಡಿದ. "ಅಣ್ಣ ಕಟ್ಟಿದ್ ಮನೆ ಇದು! ಒಂದು ಬೆಳೆ ಹಾಳು ಮಾಡ್ತೀಯಲ್ಲ, ಬುದ್ಧಿ ಐತಾ ನಿಂಗೆ?"

"ಬುದ್ಧಿ ಇಲ್ಲ ಅಂತಾನೇ ಮಗ್ಳನ್ನ ಸ್ಕೂಲಿಗೆ ಕಳಿಸ್ತಿರೋದು" ಎಂದಳು ಇವಳು, ಕೈ ನಿಲ್ಲಿಸದೆ.

ಕಣ್ಣು ಮಂಜಾದ ನಾನು, ಎದುರು ಮನೆಯ ಚಿಕ್ಕಗಂಗಮ್ಮ, ಬೈರಮ್ಮ, ಮೂವರೇ ಆರಿಸಿದೆವು. ನಮ್ಮ ಬೆರಳು ಒರಟು, ಮೆಲ್ಲಗೆ ಹಿಡಿಯಲು ಹೋದರೆ ನಿಧಾನ, ಬೇಗ ಹಿಡಿದರೆ ಹುಳ ನಲುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ತಟ್ಟೆಗಳಲ್ಲಿ ಹುಳಗಳು ಕಸದಲ್ಲೇ ನೂಲು ಬಿಡತೊಡಗಿದವು. ಬೈರಮ್ಮ ನೋಡಿದಳು, ಮತ್ತೆ ತನ್ನ ಮುಂದಿನ ತಟ್ಟೆಗೆ ಬಗ್ಗಿದಳು. ಶಾಲೆಯ ಕಡೆಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ನಾನು ನೀರು ಹೊತ್ತು ಹೋದಾಗ ಮೇಷ್ಟ್ರು ನನಗೆ ಹೇಳಿದರು, "ದೊಡ್ಡಗಂಗಮ್ಮ, ಇಪ್ಪತ್ತಾರು ಬಂದವ್ರೆ. ಕದಿರಪ್ಪನ ಮಗ್ಳೂ ಬಂದವ್ಳೆ." ಅದನ್ನು ಬಂದು ಹೇಳಿದರೆ ಬೈರಮ್ಮ, "ಇನ್ನೆಂಟು ಯಾರು?" ಎಂದು ಕೇಳಿದಳು.

ಆ ದಿನ ಜೀಪು ಬರಲೇ ಇಲ್ಲ.

ಸಂಜೆ ಜನ ಅವಳ ಬಾಗಿಲಿಗೆ ಬಂದರು. ಕದಿರಪ್ಪನೇ ಮುಂದೆ. "ಎಲ್ಲಮ್ಮ ನಿನ್ ಸಾಹೇಬ್ರು? ಚಾಲು ಇಂಕ, ಸಾಕು ನಿನ್ ಲೀಡರ್‌ಗಿರಿ! ನಾಲ್ಕು ತಟ್ಟೆ ಕಸಕ್ಕೆ ಹೋಯ್ತು ನಂದು."

"ನಂದು ಒಂಬತ್ತು" ಎಂದಳು ಬೈರಮ್ಮ. "ನಾಳೆ ಬಂದ್ರೂ ಬರ್ಬೋದು. ನಾಳೇನೂ ಕಳ್ಸಿ."

ಅವನು ಕೋಣೆಯೊಳಗಿನ ತಟ್ಟೆಗಳನ್ನು ಇಣುಕಿ ನೋಡಿ ಹೊರಟುಹೋದ.

ಸಾಹೇಬರು ಬಂದದ್ದು ಹನ್ನೊಂದು ದಿನ ಬಿಟ್ಟು, ಒಂದು ಸೋಮವಾರ, ಊಟದ ಗಂಟೆ ಹೊಡೆದ ಮೇಲೆ. ಆ ದಿನ ಯಾವ ಮನೆಯಲ್ಲೂ ಹುಳ ಇರಲಿಲ್ಲ, ಯಾರ ಮನೆಯಲ್ಲೂ ಮಕ್ಕಳಿಗೆ ಕೆಲಸವಿರಲಿಲ್ಲ. ಮೂವತ್ತೊಂದು ಮಕ್ಕಳನ್ನು ನಿಲ್ಲಿಸಿ ಎಣಿಸಿದರು. ನನ್ನ ಕೈಯಿಂದ ಒಂದು ಲೋಟ ನೀರು ಕುಡಿದರು. ಹಾಜರಿ ಪುಸ್ತಕವನ್ನು ಹಿಂದಕ್ಕೆ ತಿರುವಿ, ಆ ಗುರುವಾರದ ಮೇಲೆ ಬೆರಳಿಟ್ಟು, "ಅವತ್ತು ಹುಳ ಹಣ್ಣಾಗಿತ್ತಂತೆ?" ಎಂದು ಮೇಷ್ಟ್ರನ್ನು ಕೇಳಿದರು. ಹೌದು ಎಂದರು ಮೇಷ್ಟ್ರು. ಸಾಹೇಬರು ಏನೋ ಬರೆದುಕೊಂಡು ಜೀಪು ಹತ್ತಿದರು.

ಮೇ ತಿಂಗಳಲ್ಲಿ ಆರ್ಡರ್ ಬಂತು. ಆರನೇ ಏಳನೇ ಕ್ಲಾಸು ನಮ್ಮೂರಲ್ಲೇ ಇರುತ್ತದೆ, ಆದರೆ ಪ್ರತಿ ವರ್ಷ ಹಾಜರಿ ನೋಡಿ ಮುಂದುವರಿಸುತ್ತಾರೆ ಎಂದು. ಕೋದಂಡರಾಮಪ್ಪನವರು ಅದನ್ನು ಅರಳಿಕಟ್ಟೆಯಲ್ಲಿ ಓದಿಸಿ, ಕಮಿಟಿಯ ಹೋರಾಟದಿಂದ ಆಯಿತು ಎಂದರು. ಬೀಚಸಂದ್ರದಲ್ಲಿ ಕಟ್ಟಡವೂ ಎದ್ದಿತು, ನಮ್ಮ ಮಕ್ಕಳಿಲ್ಲದೆ. ಸುಬ್ಬರಾಯಪ್ಪನ ಹೆಂಡತಿ ಆಮೇಲೆ ಕ್ಯಾಲನೂರಿನ ಲೈನಿನಲ್ಲಿ ಬೈರಮ್ಮನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಜೂನ್‌ನಲ್ಲಿ ಹೊಸ ಕಮಿಟಿಯ ಪಟ್ಟಿ ಮಾಡಿದಾಗ ಬೈರಮ್ಮನ ಹೆಸರು ಇರಲಿಲ್ಲ. ಹೆಂಗಸರ ಜಾಗಕ್ಕೆ ಅಧ್ಯಕ್ಷರು ತಮ್ಮ ಸೊಸೆಯ ಹೆಸರು ಬರೆಸಿದ್ದರು. ನಾನು ಉರಿದುಕೊಂಡು ಹೋಗಿ ಹೇಳಿದೆ. ಅವಳು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು.

"ಹೋಗ್ಲಿ ಬಿಡಕ್ಕ" ಎಂದಳು. "ಮೀಟಿಂಗಿಗೆ ಹೋಗೋ ಹೊತ್ತಲ್ಲಿ ಒಂದು ಹೊರೆ ಸೊಪ್ಪು ತರ್ಬೋದು."

"ನಿನಗೆ ಒಂಚೂರೂ ಸಿಟ್ಟಿಲ್ವೇನೇ?"

"ಐತೆ. ಎಲ್ರ ಮೇಲೂ ಐತೆ" ಎಂದು ಕುಡುಗೋಲು ಕೆಳಗಿಟ್ಟು ಸೊಂಟ ಹಿಡಿದು ನಿಂತಳು. "ಎರಡು ವರ್ಷ ಅಕ್ಕ. ಆರು, ಏಳು. ಎರಡು ವರ್ಷದಲ್ಲಿ ಎಂಟೋ ಹತ್ತೋ ಬೆಳೆ ಬತ್ತದೆ. ಅಷ್ಟು ಸಲಾನೂ ಇವ್ರ ಬಾಗ್ಲು ತಟ್ಬೇಕಲ್ಲ. ಈಗ್ಲೇ ಸಿಟ್ಟು ಮಾಡ್ಕೊಂಡ್ರೆ ಯಾರು ಬಾಗ್ಲು ತೆಗೀತಾರೆ?"

ಹೊರೆ ಕಟ್ಟಿ ಅವಳ ತಲೆಯ ಮೇಲೆ ಎತ್ತಿಟ್ಟೆ. ಮುಂದಿನ ಮರಿ ತಂದು ಆಗಲೇ ಆರು ದಿನವಾಗಿತ್ತು. ಮನೆಗೆ ಹೋಗುವ ದಾರಿಯಲ್ಲೇ ಅವಳು ಕದಿರಪ್ಪನ ಡೈರಿಯ ಮುಂದೆ ನಿಂತು, ಹೊರೆ ಇಳಿಸದೆ, "ಕದಿರಪ್ಪಣ್ಣ, ಈ ಸಲಾನೂ ಕಳಿಸ್ತೀಯಾ ತಾನೆ?" ಎಂದು ಕೇಳಿದಳು. ಕದಿರಪ್ಪ ಹಾಲಿನ ಕ್ಯಾನಿನಿಂದ ತಲೆ ಎತ್ತದೆ, "ನಿನ್ ಕಾಟ ತಪ್ಪಿದ್ದಲ್ಲ, ಕಳಿಸ್ತೀನಿ ಹೋಗು" ಎಂದ. ಅವಳು ಮುಂದಿನ ಬಾಗಿಲಿಗೆ ನಡೆದಳು.